ಹೊಳೆ ಬರುವ ಮೊದಲಿನ ಕಾಯಕ



ಕಾರಹುಣ್ಣಿಮೆ ಮುಗಿದಿದೆ. ಮಠಗಳಲ್ಲಿ ಶ್ರಾವಣ ಪ್ರವಚನದ ಕರಪತ್ರಗಳು ಅಚ್ಚಿಗೆ ಹೋಗುವ ಕಾಲವಿದು. ಯಾವ ಪೂಜ್ಯರು, ಯಾವ ವಿಷಯ, ಯಾವ ದಿನ ಯಾರ ಮನೆತನದ ಪ್ರಸಾದ ಸೇವೆ, ಎಲ್ಲವನ್ನೂ ತಿಂಗಳು ಮೊದಲೇ ಗೊತ್ತುಮಾಡುತ್ತೇವೆ. ಅದೇ ಶ್ರಾವಣದಲ್ಲಿ ಹೊಳೆ ಬಂದರೆ ಯಾರು ಏನು ಮಾಡಬೇಕು ಎಂಬುದನ್ನು ಮಾತ್ರ ಬರೆದಿಟ್ಟುಕೊಂಡ ಮಠವನ್ನು ನಾನು ಕಂಡಿಲ್ಲ.

2019ರ ಆಗಸ್ಟ್‌ನಲ್ಲಿ ಬಸವ ಪಂಚಮಿಗೆಂದು ಮಕ್ಕಳಿಗೆ ಹಾಲು ಹಂಚಲು ಕ್ಯಾನುಗಳನ್ನು ತರಿಸಿದ್ದೆವು. ಅದೇ ವಾರ ಆ ಕ್ಯಾನುಗಳಲ್ಲಿ ಸಾರು ತುಂಬಿಕೊಂಡು ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಹೊರಟೆವು. ಕೊಣ್ಣೂರಿನ ಬಳಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯೇ ಕಡಿದುಹೋಗಿತ್ತು. ಅಲ್ಲೊಬ್ಬ ಅಜ್ಜಿ ಹೇಳಿದ ಮಾತು ನೆನಪಿದೆ: “ನಮ್ಮೂರಾಗ ಮಳಿ ಎಲ್ಲಿ ಐತ್ರಿ ಯಪ್ಪಾ? ಹೊಳಿ ಮಾತ್ರ ಪಡಸಾಲಿಗೆ ಬಂದ್ ಕುಂತೈತಿ.” ಆಕೆ ಹೇಳಿದ್ದು ದಿಟ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ. ಮಳೆ ಸುರಿಯುವುದು ಅಲ್ಲಿ. ನವಿಲುತೀರ್ಥದ ಅಣೆಕಟ್ಟು ತುಂಬಿ ಬಾಗಿಲು ತೆರೆದರೆ ಮುಳುಗುವುದು ಎರೆ ಸೀಮೆಯ ನಾವು. ಬಾಗಿಲು ತೆರೆದ ಹೊತ್ತಿಗೂ ನೀರು ನಮ್ಮ ಅಗಸಿ ಮುಟ್ಟುವ ಹೊತ್ತಿಗೂ ನಡುವೆ ಕೆಲವು ತಾಸುಗಳಿರುತ್ತವೆ. ಜೀವ ಉಳಿಯುವುದೂ ಹೋಗುವುದೂ ಆ ತಾಸುಗಳಲ್ಲಿ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು ಎನ್ನುತ್ತಾರೆ ವಿಜ್ಞಾನಿಗಳು. ತಿಂಗಳ ಮಳೆ ಎರಡು ದಿನದಲ್ಲಿ ಬೀಳುವುದು, ಆಮೇಲೆ ಮೋಡವೇ ಕಾಣದಿರುವುದು, ಎರಡಕ್ಕೂ ಈ ಬಿಸಿಯ ನಂಟಿದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನೆರೆಯೂ ನಮ್ಮದೇ, ಬರವೂ ನಮ್ಮದೇ.

ಆ ವರ್ಷ ಮಠಗಳು ಬಾಗಿಲು ತೆರೆದವು, ರೊಟ್ಟಿಯ ಗಂಟುಗಳು ಊರೂರಿನಿಂದ ಬಂದವು. ದಾಸೋಹದ ಪರಂಪರೆ ಇನ್ನೂ ಜೀವಂತವಾಗಿದೆ ಎಂದು ಹೆಮ್ಮೆಪಟ್ಟೆ. ಆದರೆ ನಾವು ಒಯ್ದ ಹಳೆ ಸೀರೆಗಳ ರಾಶಿಯನ್ನು ಯಾರೂ ಮುಟ್ಟಲಿಲ್ಲ. ಜನ ಕೇಳಿದ್ದು ದನಕ್ಕೆ ಮೇವು, ಸಕ್ಕರೆ ಕಾಯಿಲೆಯ ಗುಳಿಗೆ, ಹೆಣ್ಣುಮಕ್ಕಳಿಗೆ ಮರೆಯಾದ ಶೌಚದ ಜಾಗ.

ಇನ್ನೊಂದು ಸಂಗತಿಯನ್ನು ಈವರೆಗೆ ಬರೆದಿಲ್ಲ. ಒಂದು ಊರಿನ ಕಲ್ಯಾಣ ಮಂಟಪದಲ್ಲಿ ನಿರಾಶ್ರಿತರ ವಸತಿ ಇತ್ತು. ಮೊದಲು ಬಂದವರು ದಲಿತ ಕೇರಿಯವರು. ಅವರ ಮನೆಗಳಿರುವುದು ತಗ್ಗಿನಲ್ಲಿ, ಹೊಳೆಯ ಬಾಯಲ್ಲಿ. ಮರುದಿನ ಮೇಲಿನ ಓಣಿಯವರೂ ಬಂದರು. ಸಂಜೆಯ ಹೊತ್ತಿಗೆ ಕೇರಿಯ ಕುಟುಂಬಗಳು ಶಾಲೆಯ ವರಾಂಡದಲ್ಲಿದ್ದವು. ಯಾರೂ ಗದರಲಿಲ್ಲ. “ಅಲ್ಲಿ ಗಾಳಿ ಚಲೋ ಬರ್ತೈತಿ” ಎಂದರಷ್ಟೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಸಾರು ಬಡಿಸುತ್ತಿದ್ದ ನಾನು ಅದನ್ನು ನೋಡಿಯೂ ಸುಮ್ಮನಿದ್ದೆ. ಇಂಥ ಹೊತ್ತಿನಲ್ಲಿ ಜಗಳ ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಇದು ಬರಿ ನೀತಿಯ ಪ್ರಶ್ನೆಯಲ್ಲ. ವರಾಂಡಕ್ಕೆ ಕಳಿಸಲ್ಪಟ್ಟ ಮನೆಯವರು ಮುಂದಿನ ಸಲ ಡಂಗುರ ಕೇಳಿದ ಕೂಡಲೇ ಹೊರಡುತ್ತಾರೆಯೆ? ನೀರು ಹೊಸ್ತಿಲು ದಾಟುವವರೆಗೆ ಕಾಯುತ್ತಾರೆ. ಆ ತಾಸುಗಳು ಹೋಗುವುದು ಹೀಗೆ. ಹೊರಗಿನ ಇಲಾಖೆ ಎಷ್ಟು ದೋಣಿ ಕಳಿಸಿದರೂ ಒಳಗಿನ ಈ ಒಡಕನ್ನು ಅದು ಮುಚ್ಚಲಾರದು. ಜಾತಿ ಬಿಟ್ಟು ಒಂದಾಗಿ ಕೂತ ಅನುಭವ ಮಂಟಪದ ವಾರಸುದಾರರು ಎನ್ನುವ ನಾವೇ ಮುಚ್ಚಬೇಕು.

ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆಯ ಕೆಲಸದಲ್ಲಿದ್ದಾಗ ಅಲ್ಲಮಪ್ರಭುಗಳು ಬಂದು ‘ಒಡ್ಡರಾಮ’ ಎಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ನಮ್ಮ ಕೆಲವು ಪ್ರವಚನಕಾರರು ಇದನ್ನು ಹೇಳುವಾಗ ಮಣ್ಣಿನ ಕೆಲಸವೇ ಕೀಳು ಎಂಬಂತೆ ಹೇಳಿಬಿಡುತ್ತಾರೆ. ನನಗೆ ತಿಳಿದಂತೆ ಪ್ರಭುಗಳು ಕೆಣಕಿದ್ದು ‘ಕಟ್ಟಿಸಿದವನು ನಾನು’ ಎಂಬ ಭಾವವನ್ನು. ಕೆರೆಯನ್ನು ಒಡೆಯಿರಿ ಎಂದು ಅವರು ಹೇಳಲಿಲ್ಲ. ಸಿದ್ಧರಾಮರ ಹೆಸರಿನ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ.

ಈ ಕೆಲಸ ನಮ್ಮ ಕಾಲದ ಮಠಗಳಿಗೂ ಹೊಸದಲ್ಲ. ಗದಗಿನ ತೋಂಟದ ಡಾ. ಸಿದ್ಧಲಿಂಗ ಸ್ವಾಮೀಜಿಯವರು 2011ರಲ್ಲಿ ಪೋಸ್ಕೊ ಉಕ್ಕು ಯೋಜನೆಯ ವಿರುದ್ಧ ರೈತರೊಂದಿಗೆ ನಿಂತರು. ಕಪ್ಪತಗುಡ್ಡದ ಪರವಾಗಿಯೂ ಬೀದಿಗಿಳಿದರು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳು ಜಾಲಿ ಬೆಳೆದು ಹೂಳು ತುಂಬಿದ್ದ ಹಿರೇಹಳ್ಳವನ್ನು ಜನರ ಕೂಡ ತಾವೂ ಇಳಿದು ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಸ್ವಚ್ಛಗೊಳಿಸಿದರು. ಹಳ್ಳದ ದಾರಿ ತೆರೆದಿದ್ದರೆ ನೆರೆಗೂ ಒಳ್ಳೆಯದು, ಬರಕ್ಕೂ ಒಳ್ಳೆಯದು. ಮಲಪ್ರಭೆಯ ಪಾತ್ರದೊಳಗೇ ಕಬ್ಬು ಹಚ್ಚಿದವರಲ್ಲಿ ನಮ್ಮ ಮಠಗಳ ಭಕ್ತರೂ ಇದ್ದಾರೆ. ಪೂಜ್ಯರು ಅವರಿಗೆ ಹೇಳದಿದ್ದರೆ ತಹಶೀಲ್ದಾರರ ಮಾತನ್ನು ಅವರು ಕೇಳುವುದುಂಟೆ?

2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಸರ್ಕಾರವೂ ದಾನಿಗಳೂ ಸೇರಿ ಮನೆಗಳನ್ನು ಕಟ್ಟಿದರು. ಎಷ್ಟೋ ಮನೆಗಳಿಗೆ ಬೀಗ ಬಿತ್ತು, ಅಂಗಳದಲ್ಲಿ ಜಾಲಿ ಬೆಳೆಯಿತು. ದನ ಕಟ್ಟುವ ಜಾಗವಿಲ್ಲದ, ಹೊಲದಿಂದ ದೂರವಿರುವ ಮನೆಯಲ್ಲಿ ಒಕ್ಕಲಿಗ ಹೇಗೆ ಬದುಕಬೇಕೆಂದು ಮೊದಲು ಯಾರೂ ಕೇಳಿರಲಿಲ್ಲ.

ಹಾಗಾಗಿ ಶ್ರಾವಣ ಪ್ರವಚನದ ಒಂದು ಸಂಜೆಯನ್ನು ಇದಕ್ಕಾಗಿ ಬಿಟ್ಟುಕೊಡಿ ಎಂದು ಮಠಗಳ ಸಮಿತಿಗಳನ್ನು ಕೇಳುತ್ತೇನೆ. 2009ರಲ್ಲಿ ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆಯಿರಿ. ನಡೆಯಲಾಗದ ಹಿರಿಯರು, ಬಸುರಿಯರು, ಬಾಣಂತಿಯರು ಯಾವ ಯಾವ ಮನೆಯಲ್ಲಿದ್ದಾರೆ, ಅವರನ್ನು ಎತ್ತಿಕೊಂಡು ಬರುವ ಹುಡುಗರು ಯಾರು ಎಂದು ಬರೆದಿಡಿ. ಬೆಳಗಿನ ವಚನ ಕೇಳಿಸುವ ಮಠದ ಧ್ವನಿವರ್ಧಕವೇ ಅಣೆಕಟ್ಟಿನ ಸುದ್ದಿಯನ್ನೂ ಹೇಳಲಿ. ಕರೆಂಟು ಹೋದರೆ ನಡೆಯುವಂತೆ ಅದಕ್ಕೊಂದು ಬ್ಯಾಟರಿ ಇರಲಿ. ಜಿಲ್ಲಾ ಸಹಾಯವಾಣಿ 1077 ಎಂಬುದು ಮಕ್ಕಳ ಬಾಯಲ್ಲೂ ಇರಲಿ. ಪಹಣಿ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಪ್ಲಾಸ್ಟಿಕ್ ಚೀಲದಲ್ಲಿರಲಿ. ಮಠದ ಹೊಲದ ಕಣಿಕೆಯಲ್ಲಿ ಒಂದು ಬಣವೆಯನ್ನು ಎತ್ತರದ ಜಾಗದಲ್ಲಿ ಮೀಸಲಿಡಿ. ದನ ಬಿಟ್ಟು ಬರಲಾರೆ ಎನ್ನುವ ರೈತ ಆ ಬಣವೆ ನೋಡಿ ಹೊರಡುತ್ತಾನೆ. ಮತ್ತು ಕಲ್ಯಾಣ ಮಂಟಪದ ಎರಡನೆಯ ಬೀಗದ ಕೈ ತಗ್ಗಿನ ಕೇರಿಯ ಒಬ್ಬ ತಾಯಿಯ ಬಳಿ ಇರಲಿ, ಅದೂ ಇವತ್ತಿನಿಂದಲೇ. ಈ ಕೊನೆಯದಕ್ಕೆ ವಿರೋಧ ಬರುತ್ತದೆ ಎಂದು ಬಲ್ಲೆ. ಬರಲಿ, ಜಗಳವನ್ನು ನೆರೆಯ ದಿನಕ್ಕೆ ಇಟ್ಟುಕೊಳ್ಳುವ ಬದಲು ಈಗಲೇ ಆಡಿ ಮುಗಿಸೋಣ.

ನಮ್ಮ ಊರಿನ ಮಠದ ಸಭೆ ಬರುವ ಸೋಮವಾರ ಸಂಜೆ ಇದೆ. ಈ ಸಲ ಸಭೆಯನ್ನು ತಗ್ಗಿನ ಕೇರಿಯ ಸಮುದಾಯ ಭವನದಲ್ಲಿ ಕರೆಯಲು ಪೂಜ್ಯರು ಒಪ್ಪಿದ್ದಾರೆ. ಬೀಗದ ಕೈಯ ವಿಷಯವನ್ನು ಮೊದಲು ಎತ್ತುವವನು ನಾನೇ.