ವಿಭಾಗಕ್ಕೆ ಫುಲ್‌ಫ್ರೇಮ್ ಕ್ಯಾಮೆರಾ ಬೇಕೆ?

ಧರ್ಮಪುರಿ ಮತ್ತು ಸೇಲಂ ಜಿಲ್ಲೆಗಳ ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ವಿಭಾಗದ ಹಳೆಯ ಕ್ಯಾಮೆರಾವನ್ನು ಬದಲಿಸಬೇಕೆಂದು ಐಚ್ಛಿಕ ಕನ್ನಡದ ಅಂತಿಮ ವರ್ಷದ ವಿದ್ಯಾರ್ಥಿಗಳು ಮನವಿ ಕೊಟ್ಟಿದ್ದಾರೆ. ಅವರು ಸೂಚಿಸಿರುವುದು ಸೋನಿ ಎ7ಸಿ ಎಂಬ ಕ್ಯಾಮೆರಾ. 2020ರಲ್ಲಿ ಬಂದ ಮಾದರಿ. ಒಬ್ಬರು ಬಳಸಿ ಬಿಟ್ಟದ್ದು ಬೆಂಗಳೂರಿನಲ್ಲಿ ಎಂಬತ್ತು ಸಾವಿರಕ್ಕೂ ಮೇಲ್ಪಟ್ಟ ಬೆಲೆಗೆ ದೊರೆಯುತ್ತದೆಯಂತೆ. ಮನವಿಯನ್ನು ಚೆನ್ನಾಗಿ ಬರೆದಿದ್ದಾರೆ, ಕಾಗುಣಿತದ ತಪ್ಪುಗಳಿಲ್ಲ. ‘ಸವೆದ ಶಾಸನಗಳ ಅಕ್ಷರಗಳು ನಮ್ಮ ಕ್ಯಾಮೆರಾದಲ್ಲಿ ಮೂಡುತ್ತಿಲ್ಲ’ ಎಂಬುದು ಅವರ ಮುಖ್ಯ ವಾದ. ಅದಕ್ಕೆ ಉತ್ತರವನ್ನು ಕೊಠಡಿಯಲ್ಲಿ ಹೇಳಿ ಮುಗಿಸುವ ಬದಲು ಇಲ್ಲಿ ಬರೆಯುವುದು ಲೇಸೆನಿಸಿತು. ಮುಂದಿನ ವರ್ಷದವರೂ ಇದೇ ಮನವಿಯನ್ನು ತರುವವರೇ.

ಮೊದಲು ಕ್ಷೇತ್ರದ ವಿಚಾರ. ಧರ್ಮಪುರಿಯೆಂದರೆ ಹಳೆಯ ತಗಡೂರು. ಸಂಗಂ ಸಾಹಿತ್ಯದ ಅದಿಯಮಾನ್ ಆಳಿದ ನೆಲ. ಒಂಬತ್ತನೆಯ ಶತಮಾನದ ಹೊತ್ತಿಗೆ ಹೇಮಾವತಿಯಿಂದ ಆಳುತ್ತಿದ್ದ ನೊಳಂಬರ ಕೈಗೆ ಬಂದ ನೆಲ. ಶಕ 815ರ, ಎಂದರೆ ಕ್ರಿ.ಶ. 893ರ, ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನ ಇಲ್ಲಿ ದೊರೆತಿದೆ. ಬಸದಿಗೆ ಬಿಟ್ಟ ದತ್ತಿಯನ್ನು ಹೇಳುವ ಈ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದ ಹತ್ತನೆಯ ಸಂಪುಟದಲ್ಲಿ ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದರು. ರೈಸರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನೀವು ಇದನ್ನು ಹುಡುಕಿದರೆ ಸಿಗುವುದಿಲ್ಲ. ಆ ಸಂಪುಟಗಳು ಮೈಸೂರು ಸಂಸ್ಥಾನದ ಮತ್ತು ಕೊಡಗಿನ ಎಲ್ಲೆಯೊಳಗಿನವು. ಸೇಲಂ ಜಿಲ್ಲೆ ಮದ್ರಾಸು ಪ್ರಾಂತ್ಯದ್ದು. ಧರ್ಮಪುರಿ ಆ ಸೇಲಂನಿಂದ ಬೇರ್ಪಟ್ಟು ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ ಧರ್ಮಪುರಿಯಿಂದ ಬೇರ್ಪಟ್ಟದ್ದು 2004ರಲ್ಲಿ. ಆಡಳಿತದ ಗೆರೆಗಳು ಹೀಗೆ ಸರಿದಾಡಿದಂತೆಲ್ಲ ಇಲ್ಲಿನ ಕನ್ನಡ ಕಲ್ಲುಗಳು ನಮ್ಮ ಪಠ್ಯಗಳ ಅಂಚಿಗೆ ಸರಿದವು ಎಂಬುದು ನನ್ನ ಅಭಿಪ್ರಾಯ. ಹಾಗಾಗಿಯೇ ನಾವು ಅಲ್ಲಿಗೆ ಹೋಗುತ್ತಿರುವುದು.

ಅಲ್ಲಿ ಹೆಚ್ಚಾಗಿ ಕಾಣಸಿಗುವುವು ವೀರಗಲ್ಲುಗಳು. ತಮಿಳರು ನಡುಕಲ್ ಎನ್ನುತ್ತಾರೆ. ನಾನು ಓದಿದ ಗಡಿನಾಡಿನ ಶಾಲೆಯಲ್ಲಿ ಬೆಳಗಿನ ಪಾಠ ಮರಾಠಿಯಲ್ಲಿ, ಮಧ್ಯಾಹ್ನದ್ದು ಕನ್ನಡದಲ್ಲಿ ನಡೆಯುತ್ತಿತ್ತು. ಮರಾಠಿ ಗುರುಗಳು ಅದನ್ನೇ ‘ವೀರಗಳ’ ಎಂದು ಕಲಿಸಿದ್ದರು; ನಮ್ಮ ಕಲ್ಲು ಅಲ್ಲಿ ‘ಗಳ’ವಾಗಿ ಕೂತಿದೆ. ಷ. ಶೆಟ್ಟರ್ ಅವರೂ ಮಹಾರಾಷ್ಟ್ರದ ಜನಪದ ದೈವಗಳನ್ನು ಜೀವಮಾನವಿಡೀ ಅಭ್ಯಸಿಸಿದ ಜರ್ಮನ್ ವಿದ್ವಾಂಸ ಸೊಂಥೈಮರ್ ಅವರೂ ಕೂಡಿ ಸಂಪಾದಿಸಿದ ‘ಮೆಮೊರಿಯಲ್ ಸ್ಟೋನ್ಸ್’ ಗ್ರಂಥ 1982ರಲ್ಲಿ ಬಂದಿತು. ನಮ್ಮ ಗ್ರಂಥಾಲಯದಲ್ಲಿ ಸಿಕ್ಕರೆ ಹೊರಡುವ ಮುನ್ನ ಅದನ್ನು ತಿರುವಿಹಾಕಿರಿ. ಧರ್ಮಪುರಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳ ಸಾಲೇ ಇದೆ. ಹೊಲದಲ್ಲಿ, ಕೆರೆಯ ಏರಿಯಲ್ಲಿ, ಬೇವಿನ ಬುಡದಲ್ಲಿ ನಿಂತಿರುವುವು ಬೇರೆ. ಅವುಗಳಲ್ಲಿ ಎಷ್ಟೋ ಇಂದಿಗೂ ‘ವೇಡಿಯಪ್ಪನ್’ ಎಂಬ ದೈವವಾಗಿ ಪೂಜೆಗೊಳ್ಳುತ್ತಿವೆ. ಎಣ್ಣೆ ಕುಡಿದು ಕಪ್ಪಾಗಿ, ಅರಿಸಿನ ಕುಂಕುಮ ಮೆತ್ತಿಕೊಂಡು, ಕೆಲವು ಕಡೆ ಸುಣ್ಣ ಬಳಿಸಿಕೊಂಡು ನಿಂತಿವೆ. ಅಕ್ಷರ ಓದಲು ಕಷ್ಟವಾಗುವುದಕ್ಕೆ ಇವೆಲ್ಲ ಕಾರಣ.

ಈಗ ಕ್ಯಾಮೆರಾಕ್ಕೆ ಬರೋಣ. ವಿಭಾಗದಲ್ಲಿರುವುದು 2013ರ ಮಾದರಿಯ ನಿಕಾನ್ ಡಿ5300. ಅದರ ಸೆನ್ಸರ್ 23.5 × 15.6 ಮಿ.ಮೀ. ಫುಲ್‌ಫ್ರೇಮ್ ಎಂದರೆ ಹಳೆಯ ಫಿಲ್ಮಿನ ಚೌಕಟ್ಟಿನಷ್ಟು, ಸುಮಾರು 36 × 24 ಮಿ.ಮೀ. ಗುಣಿಸಿ ನೋಡಿದರೆ ಎರಡನೆಯದರ ವಿಸ್ತೀರ್ಣ ಮೊದಲನೆಯದರ 2.36 ಪಟ್ಟು. ದ್ಯುತಿರಂಧ್ರವೂ ಕಾಲಾವಧಿಯೂ ಒಂದೇ ಆಗಿದ್ದಾಗ ಅಷ್ಟು ಪಟ್ಟು ಹೆಚ್ಚು ಬೆಳಕು ದಕ್ಕುತ್ತದೆ. ಮಬ್ಬಿನಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಚುಕ್ಕೆಗಳು ಕಡಿಮೆಯಾಗುತ್ತವೆ. ಇದು ನಿಜವಾದ ಲಾಭ. ಇದನ್ನು ಅಲ್ಲಗಳೆಯುವವರು ಭೌತಶಾಸ್ತ್ರ ವಿಭಾಗದವರೊಡನೆ ಜಗಳಕ್ಕೆ ಹೋಗಬೇಕಾದೀತು.

ಆದರೆ ಕಲ್ಲು ಅಲುಗುವುದಿಲ್ಲ. ಸಾವಿರ ವರ್ಷದಿಂದ ನಿಂತಿರುವುದು ಇನ್ನೆರಡು ಸೆಕೆಂಡು ನಿಲ್ಲಲಾರದೆ? ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು, ಐಎಸ್‌ಒ 100ಕ್ಕೆ ಇಳಿಸಿ, ಬೇಕಾದಷ್ಟು ಹೊತ್ತು ತೆರೆದಿಟ್ಟರೆ ಸಣ್ಣ ಸೆನ್ಸರಿಗೂ ಸಾಕುಸಾಕೆನಿಸುವಷ್ಟು ಬೆಳಕು ಸಿಗುತ್ತದೆ. ದೊಡ್ಡ ಸೆನ್ಸರಿನ ಮುಖ್ಯ ಅನುಕೂಲ ಅಲ್ಲಿಗೆ ಬಹುಮಟ್ಟಿಗೆ ಕರಗಿಹೋಗುತ್ತದೆ. ಇನ್ನು ಸೂಕ್ಷ್ಮತೆ. ಎರಡು ಕ್ಯಾಮೆರಾಗಳೂ 6000 × 4000 ಬಿಂದುಗಳ ಚಿತ್ರವನ್ನೇ ಕೊಡುವುವು. ಒಂದೂವರೆ ಮೀಟರು ಎತ್ತರದ ಕಲ್ಲನ್ನು ಚೌಕಟ್ಟಿನ ಉದ್ದಕ್ಕೂ ತುಂಬಿಸಿದರೆ ಪ್ರತಿ ಮಿಲಿಮೀಟರಿಗೆ ನಾಲ್ಕು ಬಿಂದುಗಳು ಬೀಳುತ್ತವೆ. ಮೂರು ಮಿ.ಮೀ. ಅಗಲದ ಉಳಿಯ ಗೀರಿಗೆ ಹನ್ನೆರಡು. ಓದಲು ಇಷ್ಟು ಧಾರಾಳ. ಸಾಲದಿದ್ದರೆ ಎರಡು ಹೆಜ್ಜೆ ಮುಂದೆ ಹೋಗಿ ಶಾಸನದ ಭಾಗವನ್ನಷ್ಟೇ ತೆಗೆಯಿರಿ.

ಹಾಗಾದರೆ ಅಕ್ಷರ ಏಕೆ ಮೂಡುತ್ತಿಲ್ಲ? ನಮ್ಮ ಚಿತ್ರಗಳ ಕಡತವನ್ನು ತೆರೆದು ಅವುಗಳಲ್ಲಿ ದಾಖಲಾದ ಸಮಯವನ್ನು ನೋಡಿರಿ. ಹೆಚ್ಚಿನವು ಹನ್ನೊಂದರಿಂದ ಎರಡರ ನಡುವಿನವು. ಬಸ್ಸು ತಲುಪುವುದೇ ಆ ಹೊತ್ತಿಗೆ. ಸೂರ್ಯ ನೆತ್ತಿಗೇರಿದಾಗ, ಇಲ್ಲವೇ ಕ್ಯಾಮೆರಾದ ತಲೆಯ ಮೇಲಿನ ಫ್ಲಾಶ್ ನೇರವಾಗಿ ಕಲ್ಲಿನ ಮುಖಕ್ಕೆ ಹೊಡೆದಾಗ, ಗೀರೂ ಗೀರಿನ ಸುತ್ತಲ ಬಯಲೂ ಒಂದೇ ಬಣ್ಣವಾಗುತ್ತವೆ. ಸವೆದು ಅರ್ಧ ಮಿಲಿಮೀಟರು ಆಳ ಉಳಿದಿರುವ ಅಕ್ಷರವೊಂದನ್ನು ತೆಗೆದುಕೊಳ್ಳಿ. ಕಲ್ಲಿನ ಮೈಗೆ 60 ಡಿಗ್ರಿ ಕೋನದಲ್ಲಿ ಬೆಳಕು ಬಿದ್ದರೆ ಆ ಅಂಚು ಚೆಲ್ಲುವ ನೆರಳು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅದೇ ಬೆಳಕು 10 ಡಿಗ್ರಿಯಲ್ಲಿ ಮೈಯನ್ನು ಸವರಿಕೊಂಡು ಬಂದರೆ ನೆರಳು 2.8 ಮಿ.ಮೀ. ಸುಮಾರು ಹತ್ತು ಪಟ್ಟು. ಸೆನ್ಸರ್ ಬದಲಿಸಿದರೆ ಹೆಚ್ಚೆಂದರೆ 2.36 ಪಟ್ಟು, ಅದೂ ಎಂಬತ್ತು ಸಾವಿರಕ್ಕೆ. ದೀಪವನ್ನು ಪಕ್ಕಕ್ಕೆ ಸರಿಸಿದರೆ ಹತ್ತು ಪಟ್ಟು, ಖರ್ಚಿಲ್ಲದೆ. ಎರಡು ಅಳತೆಗಳೂ ಒಂದೇ ಜಾತಿಯವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೆ ಓದಲು ಕೂತವನಿಗೆ ಬೇಕಾದದ್ದು ಎರಡನೆಯದು.

ಫೋಟೋ ಎಂಬುದಕ್ಕೆ ಕನ್ನಡದಲ್ಲಿ ಛಾಯಾಚಿತ್ರ ಎನ್ನುತ್ತೇವೆ. ಮರಾಠಿಯಲ್ಲಿ ಆ ಮಾತೂ ಉಂಟು, ಜೊತೆಗೆ ‘ಪ್ರಕಾಶಚಿತ್ರ’ ಎಂಬುದೂ ಉಂಟು. ಮದುವೆಯ ಫೋಟೋಕ್ಕೆ ಪ್ರಕಾಶಚಿತ್ರ ಒಪ್ಪುತ್ತದೆ. ಶಾಸನದ ಫೋಟೋಕ್ಕೆ ಛಾಯಾಚಿತ್ರವೆಂಬ ಮಾತೇ ಅಕ್ಷರಶಃ ಸರಿ. ಅಲ್ಲಿ ನಾವು ತೆಗೆಯುವುದು ನೆರಳನ್ನು. ಹಳೆಯ ಲಿಪಿಯಲ್ಲಿ ಪಕಾರ, ವಕಾರ, ಮಕಾರಗಳನ್ನು ಬೇರ್ಪಡಿಸುವುದು ಗೀರಿನ ಸಣ್ಣದೊಂದು ತಿರುವು. ಆ ತಿರುವಿನಲ್ಲಿ ನೆರಳು ಬೀಳದಿದ್ದರೆ ಒಬ್ಬ ವೀರನ ಹೆಸರೇ ಬದಲಾಗುತ್ತದೆ. ತುರು ಕಾದು ಸತ್ತವನ ಬಗ್ಗೆ ಉಳಿದಿರುವ ದಾಖಲೆ ಅದೊಂದೇ ಆಗಿರಬಹುದು.

ನೆರಳು ಬೀಳಿಸಲು ಹೆಚ್ಚಿನದೇನೂ ಬೇಕಿಲ್ಲ. ಬೆಳಿಗ್ಗೆ ಅಥವಾ ಸಂಜೆ ಕಲ್ಲಿನ ಬಳಿ ಇರಬೇಕು. ಅದಕ್ಕೆ ಧರ್ಮಪುರಿಯಲ್ಲಿ ರಾತ್ರಿ ತಂಗಬೇಕು. ಉತ್ತರಾಭಿಮುಖವಾಗಿ ನಿಂತ ಕಲ್ಲಿಗೆ ವರ್ಷದ ಸುಮಾರು ಅರ್ಧಭಾಗ ನೇರ ಬಿಸಿಲೇ ಬೀಳದು. ಅಲ್ಲಿ ಆಳೆತ್ತರದ ಕನ್ನಡಿಯೊಂದರಿಂದ ಬಿಸಿಲನ್ನು ಪಕ್ಕದಿಂದ ತಿರುಗಿಸಿ ಹಾಯಿಸಬಹುದು. ಕ್ಯಾಮೆರಾದಿಂದ ಬಿಡಿಸಿ ಕೈಯಲ್ಲಿ ಹಿಡಿಯುವ ಒಂದು ಫ್ಲಾಶ್, ಗಟ್ಟಿಯಾದ ಟ್ರೈಪಾಡು, ಎಣ್ಣೆ ಹಚ್ಚಿದ ಕಲ್ಲಿನ ಹೊಳಪನ್ನು ತಗ್ಗಿಸಲು ಪೋಲರೈಸರ್ ಎಂಬ ಗಾಜಿನ ಬಿಲ್ಲೆ. ಒಂದೇ ಸ್ಥಾನದಿಂದ, ಬೆಳಕನ್ನು ಮಾತ್ರ ಸುತ್ತಲೂ ಸರಿಸುತ್ತ, ಹತ್ತಾರು ಚಿತ್ರ ತೆಗೆದು ಗಣಕದಲ್ಲಿ ಕೂಡಿಸುವ ಕ್ರಮವೊಂದಿದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಇದರ ಮೂಲರೂಪವನ್ನು ಪ್ರಕಟಿಸಿದರು. ಅದಕ್ಕೂ ನಮ್ಮ ನಿಕಾನ್ ಸಾಕು. ಇವೆಲ್ಲಕ್ಕಿಂತ ಹಿಂದಿನ ವಿದ್ವಾಂಸರು ಒದ್ದೆ ಕಾಗದವನ್ನು ಕುಂಚದಿಂದ ಬಡಿದು ಅಕ್ಷರದೊಳಕ್ಕೆ ಇಳಿಸಿ, ಮೇಲೆ ಮಸಿ ಒತ್ತಿ, ಪಡಿಯಚ್ಚು ತೆಗೆದು ಓದಿದರು. ಅದಕ್ಕೆ ಲೆನ್ಸೂ ಇಲ್ಲ, ಸೆನ್ಸರೂ ಇಲ್ಲ. ಕಲ್ಲಿನಷ್ಟೇ ದೊಡ್ಡ ಪ್ರತಿ. (ಅನುಮತಿಯಿಲ್ಲದೆ ನೀವು ಅದಕ್ಕೆ ಕೈಹಾಕಬಾರದು. ಪೂಜೆಯ ಕಲ್ಲಿಗಂತೂ ಸರ್ವಥಾ ಕೂಡದು.)

ಇಷ್ಟಾದರೂ ಮನವಿಯಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಕಲ್ಲನ್ನು ಬಿಟ್ಟು ಬೇರೆ ಕಡೆ ನೋಡಿದರೆ ಲೆಕ್ಕ ತಿರುಗುತ್ತದೆ. ಅದಿಯಮಾನ್‌ಕೋಟೆಯ ಚೆನ್ನರಾಯ ಪೆರುಮಾಳ್ ದೇವಾಲಯದ ಮಂಟಪದ ಚಾವಣಿಯಲ್ಲಿ ವರ್ಣಚಿತ್ರಗಳಿವೆ. ಇಂಥ ಕಡೆ ಫ್ಲಾಶ್ ಬಳಸಬಾರದು, ಟ್ರೈಪಾಡಿಗೆ ಅನುಮತಿ ಸಿಗುವುದೂ ಖಾತ್ರಿಯಲ್ಲ. ಕೈಯಲ್ಲೇ ಹಿಡಿದು ಕತ್ತಲಲ್ಲಿ ತೆಗೆಯಬೇಕು. ದೊಡ್ಡ ಸೆನ್ಸರೂ, ಎ7ಸಿಯ ಒಡಲಲ್ಲೇ ಇರುವ ಕಂಪನ ತಡೆಯುವ ವ್ಯವಸ್ಥೆಯೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಸೇಲಂ ನಗರದ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳಲ್ಲಿ ಇನ್ನೊಂದು ಬಗೆಯ ತೊಡಕು. ಒಳಕೋಣೆಯ ಗುಂಡಿಮಗ್ಗ, ಒಂದೇ ಕಿಟಕಿ, ಎಡಬಲಕ್ಕೆ ಹಾರುವ ಲಾಳಿ. ನೇಕಾರನ ಕೈಗೆ ಎರಡು ಸೆಕೆಂಡು ನಿಲ್ಲು ಎನ್ನಲಾಗದು. ಇಲ್ಲಿ ಆ 2.36 ಪಟ್ಟು ಬೆಳಕಿಗೆ ಬೆಲೆಯುಂಟು. ಆದರೆ ಆ ಮನೆಗಳಿಗೆ ನಾವು ಹೋಗುವುದು ಮುಖ್ಯವಾಗಿ ಮಾತು ಕೇಳಲು. ತಮಿಳಿನ ನಡುವೆ ತಲೆಮಾರುಗಳಿಂದ ಉಳಿದು ಬಂದ ಆ ಕನ್ನಡದ ಕ್ರಿಯಾಪದಗಳು, ಮಗ್ಗದ ಬಿಡಿಭಾಗಗಳ ಹೆಸರುಗಳು, ಅಜ್ಜಿಯರ ಬೈಗುಳಗಳು ನಮಗೆ ಬೇಕು. ಅದಕ್ಕೆ ಒಳ್ಳೆಯ ಧ್ವನಿಮುದ್ರಣ ಯಂತ್ರ ಕ್ಯಾಮೆರಾಕ್ಕಿಂತ ಮೊದಲು ಬೇಕು. ಅದು ನಮ್ಮಲ್ಲಿಲ್ಲ, ಮನವಿಯಲ್ಲಿಯೂ ಇಲ್ಲ!

‘ಚಿಕ್ಕದು, ಹಗುರ’ ಎಂಬ ವಾದವನ್ನು ಬೇಗ ಮುಗಿಸುತ್ತೇನೆ. ಬ್ಯಾಟರಿ, ಕಾರ್ಡುಗಳೊಡನೆ ಎ7ಸಿ 509 ಗ್ರಾಂ, ನಮ್ಮ ನಿಕಾನ್ 530 ಗ್ರಾಂ. ವ್ಯತ್ಯಾಸ 21 ಗ್ರಾಂ. ಜೊತೆಗೆ ಬರುವ 28–60 ಮಿ.ಮೀ. ಪುಟ್ಟ ಲೆನ್ಸಿನ ದ್ಯುತಿರಂಧ್ರ ಎಫ್4ರಿಂದ ಎಫ್5.6, ನಮ್ಮ ಹಳೆಯ ಲೆನ್ಸಿನದು ಎಫ್3.5ರಿಂದ ಎಫ್5.6. ಎಂದರೆ ಸೆನ್ಸರಿನಲ್ಲಿ ಗಳಿಸಿದ್ದರಲ್ಲಿ ಸ್ವಲ್ಪವನ್ನು ಲೆನ್ಸಿನಲ್ಲಿ ಕಳೆದುಕೊಳ್ಳುತ್ತೇವೆ. ಹೆಚ್ಚು ಬೆಳಕಿನ ಲೆನ್ಸು ಬೇಕೆಂದರೆ ಮತ್ತೆ ಹಣ, ಮತ್ತೆ ಭಾರ. ನಮ್ಮಲ್ಲಿರುವ ನಿಕಾನ್ ಲೆನ್ಸುಗಳು ಅದಕ್ಕೆ ನೇರವಾಗಿ ಕೂರುವುದೂ ಇಲ್ಲ.

ಆದ್ದರಿಂದ ಈ ವರ್ಷದ ಕ್ಷೇತ್ರಕಾರ್ಯದ ನಿಧಿಯಿಂದ ಕ್ಯಾಮೆರಾ ಕೊಳ್ಳುವುದಕ್ಕೆ ನನ್ನ ಸಮ್ಮತಿಯಿಲ್ಲ. ಫ್ಲಾಶ್, ಟ್ರೈಪಾಡು, ಧ್ವನಿಮುದ್ರಣ ಯಂತ್ರಗಳನ್ನು ಕೊಂಡು ಉಳಿದ ಹಣದಲ್ಲಿ ಎರಡು ರಾತ್ರಿ ಧರ್ಮಪುರಿಯಲ್ಲಿ ತಂಗೋಣ, ಒಂದು ರಾತ್ರಿ ಸೇಲಂನಲ್ಲಿ. ರಸ್ತೆ ಅಗಲವಾಗುತ್ತಿದೆ, ಗುಡಿಗಳಿಗೆ ಹೊಸದಾಗಿ ಟೈಲ್ಸು ಕೂರುತ್ತಿದೆ; ಹೊಲದ ಕಲ್ಲು ಮುಂದಿನ ವರ್ಷವೂ ಅಲ್ಲೇ ಇರುತ್ತದೆಂಬ ಭರವಸೆ ನನಗಿಲ್ಲ. ಹಣ ಹೋಗುವುದಾದರೆ ಹೆಚ್ಚು ದಿನ ಅಲ್ಲಿರುವುದಕ್ಕೆ ಹೋಗಲಿ.

ಮುಂದೊಂದು ವರ್ಷ ಚಾವಣಿ ಚಿತ್ರಗಳನ್ನೂ ನೇಕಾರರನ್ನೂ ದಾಖಲಿಸುವ ಯೋಜನೆ ಕೈಗೆತ್ತಿಕೊಂಡರೆ ಬಳಸಿದ ಫುಲ್‌ಫ್ರೇಮ್ ಕೊಳ್ಳಲು ನಾನೇ ಜೊತೆಗೆ ಬರುತ್ತೇನೆ. ಆಗ ಬಿಳಿಯ ಗೋಡೆಯನ್ನು ಎಫ್16ರಲ್ಲಿ ತೆಗೆದು ಸೆನ್ಸರಿನ ಮೇಲೆ ಕಲೆ, ಗೀರುಗಳಿವೆಯೇ ನೋಡಬೇಕು. ಲೆನ್ಸಿಗೆ ಮುಚ್ಚಳ ಹಾಕಿ ಅರ್ಧ ನಿಮಿಷ ತೆರೆದಿಟ್ಟು, ಕಪ್ಪಿನಲ್ಲಿ ಮಿನುಗುವ ಚುಕ್ಕೆಗಳನ್ನು ಎಣಿಸಬೇಕು. ಲೆನ್ಸಿನೊಳಗೆ ಟಾರ್ಚು ಬಿಟ್ಟು ಬೂಷ್ಟು ಹುಡುಕಬೇಕು. ನಮ್ಮ ಮಳೆಗಾಲದಲ್ಲಿ ಅದು ಬಲು ಬೇಗ ಬೇರೂರುತ್ತದೆ. ಪರದೆಯ ತಿರುಗಣೆ ಸಡಿಲವೇ, ಬಿಲ್ಲಿನಲ್ಲಿರುವ ಕ್ರಮಸಂಖ್ಯೆಯೂ ಒಡಲಿನ ಮೇಲಿನದೂ ಒಂದೆಯೇ ಎಂಬುದನ್ನೂ ನೋಡಿಕೊಂಡ ಮೇಲೆಯೇ ಹಣ ಎಣಿಸುವುದು.

ಮನವಿಗೆ ಸಹಿ ಹಾಕಿದವರು ಬರುವ ಶುಕ್ರವಾರ ಸಂಜೆ ಕತ್ತಲಾಗುವವರೆಗೆ ಕಾಲೇಜಿನಲ್ಲೇ ಇರಿ. ಗ್ರಂಥಾಲಯದ ಮೆಟ್ಟಿಲ ಬಳಿಯ ಶಂಕುಸ್ಥಾಪನೆಯ ಕಲ್ಲಿನಲ್ಲಿ ಕೊನೆಯ ಎರಡು ಸಾಲು ಸವೆದು ಹೋಗಿವೆ. ಹಗಲಿನಲ್ಲಿ ಓದಲಾಗುವುದಿಲ್ಲ. ನಿಕಾನ್ ನಾನು ತರುತ್ತೇನೆ. ನಿಮ್ಮಲ್ಲಿ ಯಾರಾದರೂ ಒಂದು ಟಾರ್ಚು ತನ್ನಿ.