ಒರೆಗಲ್ಲು ಹಿಡಿದವರ ಹೊಣೆ

ಮಕ್ಕಳೇ, ಹೊಸ ಆಟವೊಂದನ್ನು ಮೊಬೈಲಿಗೆ ಇಳಿಸಿಕೊಳ್ಳುತ್ತೀರಿ. ಐದು ನಿಮಿಷ ಆಡುತ್ತೀರಿ. ಎರಡನೇ ಲೆವೆಲ್‌ನಲ್ಲಿ ಸೋತ ಸಿಟ್ಟಿಗೆ ‘ದರಿದ್ರ ಆಟ’ ಎಂದು ಬರೆದು ಒಂದೇ ಸ್ಟಾರ್ ಒತ್ತಿಬಿಡುತ್ತೀರಿ. ಇನ್ನು ಕೆಲವರು ಗೆದ್ದ ಖುಷಿಯಲ್ಲಿ ಐದು ಸ್ಟಾರ್ ಕೊಡುತ್ತಾರೆ. ಎರಡರಲ್ಲೂ ಆಟದ ವಿಷಯ ಏನೂ ತಿಳಿಯುವುದಿಲ್ಲ. ತಿಳಿಯುವುದು ಆಡಿದವರ ಕೋಪ, ಖುಷಿ ಮಾತ್ರ.

ಬ್ಯಾಂಕಿನಲ್ಲಿ ಚಿನ್ನದ ಮೇಲೆ ಸಾಲ ಕೊಡುವುದನ್ನು ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ. ಅಲ್ಲಿ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ ಬೆಲೆ ಹೇಳುವವರೊಬ್ಬರು ಇರುತ್ತಾರೆ. ಅವರು ಬೆಲೆ ಕಡಿಮೆ ಹೇಳಿದರೆ ಬಿತ್ತನೆಗೆ ದುಡ್ಡು ಬೇಕೆಂದು ಬಂದ ರೈತನಿಗೆ ನಷ್ಟ. ಹೆಚ್ಚು ಹೇಳಿದರೆ ಬ್ಯಾಂಕಿಗೆ ನಷ್ಟ. ಅದಕ್ಕೇ ಅವರು ಹೇಳಿದ್ದನ್ನು ಕಾಗದದ ಮೇಲೆ ಬರೆದು ಸಹಿ ಹಾಕಬೇಕು. ಆಟದ ವಿಮರ್ಶೆ ಬರೆಯುವವರ ಕೈಯಲ್ಲಿರುವುದೂ ಅಂಥದೇ ಒರೆಗಲ್ಲು. ಒಂದು ಕಡೆ ಆಟ ಮಾಡಿದವರು, ಇನ್ನೊಂದು ಕಡೆ ದುಡ್ಡು ಕೊಟ್ಟು ಕೊಳ್ಳುವವರು. ಇಬ್ಬರಿಗೂ ಅನ್ಯಾಯವಾಗಬಾರದು.

ನಮ್ಮ ಮನೆಯಲ್ಲಿ ಮೊಮ್ಮಗ ಆಟ ಕೊಡಿಸಿ ಎಂದಾಗಲೆಲ್ಲ ಮೊದಲು ವಿಮರ್ಶೆ ಓದುವುದು ಕ್ರಮ. ಈಗ ಅವನಿಗಿಂತ ನಾನೇ ಹೆಚ್ಚು ಓದುತ್ತೇನೆ. ಹಾಗೆ ತಿಳಿದ ಎರಡು ಸಂಗತಿ ಹೇಳುತ್ತೇನೆ. ಎರಡೂ ದೊಡ್ಡವರಿಗಾಗಿ ಮಾಡಿದ ಆಟಗಳು, ನೀವು ಆಡುವಂಥವಲ್ಲ. ಕಥೆಯಷ್ಟೇ ಕೇಳಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಬ್ಸಿಡಿಯನ್ ಎಂಬ ಕಂಪನಿ ಇದೆ. ಅಲ್ಲಿಯವರು ಬೆಥೆಸ್ಡಾ ಎಂಬ ಪ್ರಕಾಶಕರಿಗಾಗಿ ಸುಮಾರು ಒಂದೂವರೆ ವರ್ಷ ದುಡಿದು ‘ಫಾಲ್‌ಔಟ್: ನ್ಯೂ ವೇಗಸ್’ ಎಂಬ ಆಟ ಮಾಡಿಕೊಟ್ಟರು. ಅದು 2010ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಬೇರೆ ಬೇರೆ ವಿಮರ್ಶಕರು ಕೊಟ್ಟ ಅಂಕಗಳನ್ನು ಸೇರಿಸಿ, ನೂರಕ್ಕೆ ಇಷ್ಟು ಎಂದು ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬ ಸಂಸ್ಥೆಯೊಂದಿದೆ. ಆ ಸರಾಸರಿ 85 ಮುಟ್ಟಿದರೆ ಮಾತ್ರ ಆಟ ಮಾಡಿದವರಿಗೆ ಬೋನಸ್ ಎಂದು ಕರಾರಾಗಿತ್ತು. ಬಂದದ್ದು 84! ಬೋನಸ್ ಹೋಯಿತು. ಆ ಕಂಪನಿ ಕಟ್ಟಿದವರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಇದನ್ನು ಬಹಿರಂಗವಾಗಿ ಹೇಳಿದರು.

ಹಾಗಾದರೆ ವಿಮರ್ಶಕರು ಕನಿಕರಪಟ್ಟು ಒಂದು ಅಂಕ ಹೆಚ್ಚು ಕೊಡಬೇಕಿತ್ತೇ? ಖಂಡಿತ ಬೇಡ. ಬಿಡುಗಡೆಯಾದಾಗ ಆ ಆಟದಲ್ಲಿ ದೋಷಗಳು ಬೇಕಾದಷ್ಟಿದ್ದವು, ನಡುವೆ ನಿಂತೇಹೋಗುತ್ತಿತ್ತು. ಅದನ್ನು ಮುಚ್ಚಿಟ್ಟರೆ ಕೊಂಡವರಿಗೆ ಮೋಸ. ಹತ್ತಾರು ಜನರ ಅಭಿಪ್ರಾಯದ ಸರಾಸರಿಯನ್ನು ಸಂಬಳದ ಅಳತೆಗೋಲು ಮಾಡಿದ್ದು ಕರಾರು ಬರೆದವರ ತಪ್ಪು. ಆದರೂ ಅಂಕ ಹಾಕುವವರು ಒಂದು ಮಾತು ನೆನಪಿಡಬೇಕು: ಆ ಅಂಕಿಯ ಹಿಂದೆ ಸಂಸಾರ ನಡೆಸುವ ಮನುಷ್ಯರಿದ್ದಾರೆ. ಏಕೆ ಕಡಿಮೆ ಕೊಟ್ಟೆ ಎಂದು ಕಾರಣ ಬರೆಯುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ಇನ್ನೊಂದು ಸಂಗತಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿಯ ‘ಸೈಬರ್‌ಪಂಕ್ 2077’ ಆಟದ್ದು. ಅದು ಬಿಡುಗಡೆಯಾದದ್ದು 2020ರ ಡಿಸೆಂಬರ್ 10ರಂದು. ಅದಕ್ಕೆ ಮೊದಲು ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಆಡುವ ಆವೃತ್ತಿ ಮಾತ್ರ. ತೋರಿಸಲು ಅವಕಾಶವಿದ್ದದ್ದೂ ಕಂಪನಿ ಕೊಟ್ಟ ವಿಡಿಯೊ ತುಣುಕುಗಳನ್ನಷ್ಟೇ. ಒಳ್ಳೆಯ ಅಂಕಗಳು ಬಂದವು. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇಟ್ಟುಕೊಂಡಿದ್ದವರು ಕೊಂಡು ನೋಡಿದರೆ ಆಟ ತಡವರಿಸುತ್ತಿತ್ತು, ನಿಂತುಹೋಗುತ್ತಿತ್ತು. ಸೋನಿ ಕಂಪನಿ ಅದೇ ತಿಂಗಳು ತನ್ನ ಅಂಗಡಿಯಿಂದ ಆಟವನ್ನು ತೆಗೆದುಹಾಕಿ ದುಡ್ಡು ವಾಪಸು ಕೊಟ್ಟಿತು. ಆಟ ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ.

ಒರೆಗಲ್ಲಿಗೆ ಉಜ್ಜಿದ್ದು ಒಂದು ಬಳೆ, ಅಡವಿಗೆ ಬಂದದ್ದು ಇನ್ನೊಂದು ಬಳೆ ಅಂದ ಹಾಗಾಯಿತು. ಇಂಥ ಸಂದರ್ಭದಲ್ಲಿ ‘ನಾನು ಕಂಪ್ಯೂಟರಿನಲ್ಲಿ ಮಾತ್ರ ಆಡಿದ್ದೇನೆ, ಬೇರೆಯದು ನೋಡಿಲ್ಲ’ ಎಂಬ ಒಂದು ಸಾಲು ಬರೆದರೂ ಓದುವವರ ದುಡ್ಡು ಉಳಿಯುತ್ತದೆ. ವಿಮರ್ಶೆಗೆ ತಾರೀಕೂ ಬೇಕು. ಇದೇ ಆಟವನ್ನು ಕಂಪನಿಯವರು ಬಿಡದೆ ರಿಪೇರಿ ಮಾಡಿ 2023ರಲ್ಲಿ ದೊಡ್ಡ ಅಪ್‌ಡೇಟ್ ಕೊಟ್ಟರು. ಹಳೆಯ ಬೈಗುಳವನ್ನೇ ಇವತ್ತೂ ಹೇಳುತ್ತ ಕೂತರೆ ಅದೂ ನ್ಯಾಯವಲ್ಲ.

ಕಂಪನಿಯ ಮೇಲೆ ಬೇರೇನೋ ಕೋಪ ಬಂದು ಸಾವಿರಾರು ಜನ ಸೇರಿ ಒಂದೊಂದು ಸ್ಟಾರ್ ಸುರಿಯುವ ಕೆಟ್ಟ ಚಾಳಿಯೂ ಇದೆ. ಅದಕ್ಕೆ ರಿವ್ಯೂ ಬಾಂಬಿಂಗ್ ಎನ್ನುತ್ತಾರೆ. ‘ನಮ್ಮವರದು’ ಎಂಬ ಕಾರಣಕ್ಕೆ ಐದು ಸ್ಟಾರ್ ಕೊಡುವುದೂ ಅದರ ತಮ್ಮನೇ. ಪುಣೆಯ ಸಣ್ಣ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟ ಹೊರತಂದಿತು. ನಮ್ಮ ಪುರಾಣಗಳನ್ನು ಆಧರಿಸಿದ ಅದರ ಚಿತ್ರಗಳನ್ನು ಬಹಳ ಜನ ಮೆಚ್ಚಿದರು. ಮೆಚ್ಚಿದವರೇ, ಕೊನೆ ಮಾತ್ರ ಥಟ್ಟನೆ ಮುಗಿದುಹೋಗುತ್ತದೆ ಎಂದೂ ಬರೆದರು. ವಿಮರ್ಶೆ ಎಂದರೆ ಹೀಗಿರಬೇಕು. ಜಮಾ ಒಂದು ಕಡೆ, ಖರ್ಚು ಒಂದು ಕಡೆ.

ದೊಡ್ಡವರಿಗೂ ಒಂದು ಮಾತು. ಮಗು ಏನು ಆಡುತ್ತಿದೆ ಎಂದು ಒಂದು ಗಳಿಗೆ ಪಕ್ಕದಲ್ಲಿ ಕೂತು ನೋಡದೆ ‘ಎಲ್ಲಾ ಹಾಳು ಆಟ’ ಎನ್ನುವುದು ಕೂಡ ಆಡದೆ ಕೊಟ್ಟ ಒಂದು ಸ್ಟಾರೇ.

ಇನ್ನು ಮಕ್ಕಳೇ, ಮುಂದಿನ ಸಲ ಸ್ಟಾರ್ ಒತ್ತುವ ಮುಂಚೆ ನಾಲ್ಕು ಸಾಲು ಬರೆಯಿರಿ. ಎಷ್ಟು ಹೊತ್ತು ಆಡಿದೆ? ಯಾವ ಫೋನಿನಲ್ಲಿ? ಏನು ಚೆನ್ನಾಗಿತ್ತು? ಏನು ಚೆನ್ನಾಗಿರಲಿಲ್ಲ, ಏಕೆ? ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಎಂಬ ಅಂಗಡಿಯಲ್ಲಿ, ಬರೆದವರು ಎಷ್ಟು ಗಂಟೆ ಆಡಿದ್ದಾರೆ ಎಂಬುದು ವಿಮರ್ಶೆಯ ಜೊತೆಗೇ ಕಾಣುತ್ತದೆ. ಮೊಬೈಲಿನಲ್ಲಿ ಅದನ್ನು ನೀವೇ ಬರೆಯಬೇಕು. ಬರೆದ ಮೇಲೆ ಒಮ್ಮೆ ಕೇಳಿಕೊಳ್ಳಿ: ಆಟ ಮಾಡಿದವರು ಎದುರಿಗೆ ಕೂತಿದ್ದರೂ ಇದನ್ನೇ ಹೇಳುತ್ತಿದ್ದೆನೇ? ಹೌದು ಎಂದಾದರೆ ಧೈರ್ಯವಾಗಿ ಒತ್ತಿ, ಒಂದೇ ಸ್ಟಾರ್ ಆದರೂ ಸರಿ.