ಬಿದಿರಿನ ತಲೆಗೆ ಕಟ್ಟಿದ ಬೆಂಕಿ

ಮಾಘ ಕಳೆದು ಬೆಟ್ಟದ ಕರಡ ಒಣಗಿತೆಂದರೆ ಮಲೆನಾಡಿನಲ್ಲಿ ಹಳೆಯ ಮಾತೊಂದು ಮತ್ತೆ ಕೇಳಿಬರುತ್ತದೆ: ಬಿದಿರಿಗೆ ಬಿದಿರು ಉಜ್ಜಿ ಕಾಡಿಗೆ ಬೆಂಕಿ ಬಿತ್ತು. ಹೀಗೆನ್ನುವವರು ಒಮ್ಮೆ ಯಜ್ಞಶಾಲೆಯಲ್ಲಿ ಅಗ್ನಿಮಂಥನವನ್ನು ನೋಡಬೇಕು.

ಅರಣಿಗೆ ಸಿಕ್ಕಸಿಕ್ಕ ಮರ ಸಲ್ಲದು. ಸಂಪ್ರದಾಯ ಹೇಳುವುದು ಅಶ್ವತ್ಥವನ್ನು, ಅದರಲ್ಲಿಯೂ ಬನ್ನಿಯ ಮೇಲೆ ಬೆಳೆದ ಅಶ್ವತ್ಥವನ್ನು. ಶಾಸ್ತ್ರದ ಕಾರಣ ಏನೇ ಇರಲಿ, ಒಣಗಿದ ಅಶ್ವತ್ಥ ಹಗುರ, ಮೆದು. ಈ ಕೆಲಸಕ್ಕೆ ಒಪ್ಪುವ ಮರ. ಗಟ್ಟಿಮರ ಉಜ್ಜಿದಷ್ಟೂ ಹೊಳಪೇರಿ ಜಾರುತ್ತದೆ. ಮೆದುಮರವಾದರೋ ಸವೆದು ನುಣ್ಣನೆಯ ಪುಡಿ ಉದುರಿಸುತ್ತದೆ. ಆ ಪುಡಿ ಕಂದಾಗಿ, ಕಪ್ಪಾಗಿ, ಒಂದೆಡೆ ಗುಡ್ಡೆಯಾದಾಗಲೇ ಶಾಖ ಉಳಿದು ಕೆಂಡ ಹುಟ್ಟುವುದು. ಒಬ್ಬರು ಮೇಲಿನಿಂದ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಬಿಡದೆ ಹಗ್ಗವೆಳೆಯಬೇಕು, ಹುಟ್ಟಿದ ಕೆಂಡವನ್ನು ಒಣನಾರಿನಲ್ಲಿಟ್ಟು ಊದಬೇಕು.

ಮರವನ್ನು ಒಣಗಿಸಿ ಕಾಪಾಡುವುದೇ ಅರ್ಧ ಕೆಲಸ. ಗಾಳಿಯ ಆರ್ದ್ರತೆ ಶೇ. 90ರಷ್ಟಿರುವ ಮಳೆಗಾಲದಲ್ಲಿ ಎಂಥ ಒಣಮರವೂ ಕ್ರಮೇಣ ತನ್ನ ಒಣತೂಕದ ಸುಮಾರು ಶೇ. 20ರಷ್ಟು ನೀರನ್ನು ಹೀರಿಕೊಳ್ಳುತ್ತದೆ, ಆರ್ದ್ರತೆ ಶೇ. 30ಕ್ಕಿಳಿದರೆ ಉಳಿಯುವುದು ಶೇ. 6ರಷ್ಟು. ಒಲೆಯ ಮೇಲೆ ಅಟ್ಟ ಕಟ್ಟಿದ ಹಿರಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಬಿದಿರಿನಿಂದ ಬೆಂಕಿ ಬರುವುದೇ ಇಲ್ಲವೆಂದಲ್ಲ. ಒಣಬಿದಿರನ್ನು ಸೀಳಿ, ಗೀರು ಕೊರೆದು, ಇನ್ನೊಂದು ಸೀಳಿನ ಅಂಚಿನಿಂದ ಗರಗಸದಂತೆ ಉಜ್ಜಿ ಬೆಂಕಿ ಮಾಡುವ ವಿದ್ಯೆ ಆಗ್ನೇಯ ಏಷ್ಯಾದಲ್ಲಿದೆ. ಅಲ್ಲಿಯೂ ಸೀಳಿದ್ದು, ಕೊರೆದದ್ದು, ಒತ್ತಿ ಹಿಡಿದದ್ದು ಮನುಷ್ಯನ ಕೈ. ಗಾಳಿಗೆ ತೂಗುವ ಮೆಳೆಯಲ್ಲಿ ಗಳಕ್ಕೆ ಗಳ ತಾಗಿ ಕಿರುಗುಟ್ಟುತ್ತದೆ, ಅಷ್ಟೆ. ಹೊರಮೈ ನುಣುಪು, ಉಜ್ಜಾಟ ನಿಧಾನ, ಉದುರಿದ ಪುಡಿಯೂ ಗಾಳಿಯ ಪಾಲು. ಹಸಿಬಿದಿರಾದರೆ ಮಾತೇ ಬೇಡ.

ಹೂಬಿಟ್ಟು ಸತ್ತ ಮೆಳೆ ಭಯಂಕರವಾಗಿ ಉರಿಯುತ್ತದೆಂಬುದು ನಿಜ. ಆದರೆ ಉರುವಲು ಬೇರೆ, ಕಿಡಿ ಬೇರೆ. ನಮ್ಮ ಕಾಡಿನ ಬೆಂಕಿಗಳಲ್ಲಿ ಬಹುಪಾಲು ಮನುಷ್ಯರಿಂದಲೇ ಹೊತ್ತುವಂಥವು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಮೇಲೂ ಬಿದಿರಿನ ಕಥೆಯನ್ನು ಹೇಳುತ್ತ ಕೂರುವುದು ಅನುಕೂಲದ ಅಜ್ಞಾನ. ತಪ್ಪನ್ನು ಮೆಳೆಯ ಲೆಕ್ಕಕ್ಕೆ ಬರೆದುಬಿಟ್ಟರೆ, ಬೆಂಕಿರೇಖೆಯನ್ನು ಸಕಾಲದಲ್ಲಿ ಏಕೆ ಸವರಲಿಲ್ಲ, ಎಳೆಹುಲ್ಲಿನ ಆಸೆಗೆ ಕರಡಕ್ಕೆ ಕಡ್ಡಿ ಗೀರಿದವರಾರು ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಗ್ರಾಮ ಅರಣ್ಯ ಸಮಿತಿಗಳು ಬರುವ ಬೇಸಿಗೆಯಿಂದ ಬೆಂಕಿ ಕಂಡ ದಿನ, ಹೊತ್ತು, ಜಾಗ, ಹತ್ತಿರದ ಕಾಲುದಾರಿಗಿರುವ ದೂರ ಇಷ್ಟನ್ನಾದರೂ ಪುಸ್ತಕದಲ್ಲಿ ಬರೆದಿಡಲಿ.